ಚಾ-ಗಂಜಿ ಪ್ರಕರಣ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಗಂಡ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಊರೆಲ್ಲ ಎಂದರೆ ಬಾಯಿಮಾತಿಗೆ ಹೇಳುವ ಊರೆಲ್ಲ ಅಲ್ಲ. ಅವರ ಹತ್ತಿರ ಜೀಪಿದೆ, ಜೀಪಿನ ಮೇಲೆ ಎರಡು ದಿಕ್ಕಿಗೆ ಮುಖ ಮಾಡಿದ ಎರಡು ಲೌಡ್‌ಸ್ಪೀಕರ್‌ಗಳಿವೆ, ಕೈಯಲ್ಲಿ ಮೈಕಿದೆ. ಶಿರ್ತಾಡಿಯಿಂದ ಹೊರಟು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ತನಕ ಸೀರೆ ಅಂಗಡಿಯ ರಿಯಾಯಿತಿ, ರಕ್ತದಾನ ಶಿಬಿರ, ಕರೆಂಟು ಹೋಗುವ ಸುದ್ದಿ, ಯಾರದೋ ನಾಯಿ ಕಾಣೆಯಾದದ್ದು, ಎಲ್ಲವನ್ನೂ ಜನರ ಕಿವಿಗೆ ತುಂಬುವ ಅನೌನ್ಸರ್ ಪುರಂದರ ಎಂಬವರು ಇವರೇ. ಆದ್ದರಿಂದ ನನ್ನ ಸಿಟ್ಟಿನ ಕಥೆಯನ್ನು ನಾನೇ ಹೇಳುವುದು ಒಳ್ಳೆಯದು. ಕೇಳಿದ ಮೇಲೂ ತಪ್ಪು ನನ್ನದೇ ಎಂದು ಅನಿಸಿದವರು ಬ್ಲೌಸ್ ಹೊಲಿಸಲು ಬೇರೆ ಅಂಗಡಿ ನೋಡಿಕೊಳ್ಳಬಹುದು.

ನಾನು ಹರ್ಷಿತಾ. ಶಿರ್ತಾಡಿ ಪೇಟೆಯಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟಿದ್ದೇನೆ. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸುರು ಇದು. ಆರು ತಿಂಗಳು ತುಂಬುವ ಹೊತ್ತಿಗೆ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಸಿಹಿನೀರು ಕುಡಿಸಿ, ರಕ್ತ ತೆಗೆದು ನೋಡಿದರು. ಸಕ್ಕರೆ ಜಾಸ್ತಿ ಬಂತು.

"ಹೆದರುವುದು ಬೇಡ," ಎಂದರು ಡಾಕ್ಟರಮ್ಮ. "ಇದು ಬಸುರಿನಲ್ಲಿ ಬರುವ ಸಕ್ಕರೆ. ಹೆಚ್ಚಿನವರಿಗೆ ಹೆರಿಗೆ ಆದ ಮೇಲೆ ಹೋಗ್ತದೆ. ಆದ್ರೆ ಈಗ ಹಾಗೇ ಬಿಟ್ರೆ ಮಗುವಿಗೆ ತೊಂದರೆ. ಎರಡು ವಾರ ಊಟದಲ್ಲಿ ಹಿಡಿತ ಮಾಡಿ, ಊಟ ಆದ ಮೇಲೆ ನಡೀರಿ. ಮನೆಯಲ್ಲೇ ಬೆರಳು ಚುಚ್ಚಿ ನೋಡಿ ಮೊಬೈಲಿಗೆ ಹಾಕ್ಬೇಕು. ಇಳಿದ್ರೆ ಸಮ. ಇಳಿಯದಿದ್ರೆ ಇನ್ಸುಲಿನ್ ಶುರು ಮಾಡುವ."

ಇಡೀ ದಿನ ಸೂಜಿಯೊಂದಿಗೆ ಬದುಕುವ ಟೈಲರ್‌ಗೆ ಇಂಜೆಕ್ಷನ್ ಎಂದರೆ ಹೆದರಿಕೆಯಾ ಎಂದು ನಗಬೇಡಿ. ಬಟ್ಟೆಗೆ ಚುಚ್ಚುವುದು ಬೇರೆ, ಒಳಗೆ ಮಗು ಇರುವ ಹೊಟ್ಟೆಗೆ ಚುಚ್ಚುವುದು ಬೇರೆ. ನನಗೆ ಹೆದರಿಕೆ ಇತ್ತು. ಎರಡು ವಾರದಲ್ಲಿ ಇಳಿಸಿಯೇ ಸಿದ್ಧ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

"ಆ್ಯಪ್ ಯಾರ ಮೊಬೈಲಿಗೆ ಹಾಕುವುದು?" ಎಂದು ನರ್ಸು ಕೇಳಿದಳು. ನಾನು ಬ್ಯಾಗಿಗೆ ಕೈ ಹಾಕುವಷ್ಟರಲ್ಲಿ ಇವರ ಮೊಬೈಲು ಮೇಜಿನ ಮೇಲೆ ಬಂದು ಕುಳಿತಿತ್ತು.

"ನಂದಕ್ಕೆ ಹಾಕಿ ಸಿಸ್ಟರ್. ಟೆಕ್ನಿಕಲ್ ವಿಷಯ ಎಲ್ಲ ನಾನೇ ನೋಡಿಕೊಳ್ಳುವುದು."

ಇವರ ಟೆಕ್ನಿಕಲ್ ಜ್ಞಾನ ಎಂದರೆ ಮೂರು ವಾಟ್ಸ್ಆ್ಯಪ್ ಗ್ರೂಪಿನ ಅಡ್ಮಿನ್ ಆಗಿರುವುದು. ಅದರಲ್ಲಿ ಒಂದರಿಂದ ಇವರನ್ನೇ ತೆಗೆದುಹಾಕಿದ್ದಾರೆ. ಆದರೂ ನರ್ಸು ಪಾಪ, ಗಂಡನಿಗೆ ಎಷ್ಟು ಕಾಳಜಿ ಎಂದು ಮೆಚ್ಚಿ ಇವರ ನಂಬರಿಗೇ 'ತಾಯಿಬೆಳಕು' ಎಂಬ ಆ್ಯಪು ಹಾಕಿಕೊಟ್ಟಳು. ಬೆರಳು ನನ್ನದು, ರಕ್ತ ನನ್ನದು, ಮಗು ನನ್ನ ಹೊಟ್ಟೆಯಲ್ಲಿ. ಮೊಬೈಲು ಮಾತ್ರ ಜೀಪಿನಲ್ಲಿ ಬಂಟ್ವಾಳಕ್ಕೆ ಹೋಗತೊಡಗಿತು.

ಕೆಲಸ ನಡೆಯುತ್ತಿದ್ದುದು ಹೀಗೆ. ಇವರು ಎಲ್ಲಿಂದಲೋ ಫೋನು ಮಾಡುತ್ತಿದ್ದರು.

"ಚಾ ಆಯ್ತಾ?"

"ಆಯ್ತು."

"ಸಕ್ಕರೆ ಎಷ್ಟು?"

ನಾನು ಹೇಳುತ್ತಿದ್ದೆ. ಇವರು ಆ್ಯಪು ತೆರೆದು, ಅದರಲ್ಲಿದ್ದ ತಿಂಡಿಗಳ ಚಿತ್ರಗಳಲ್ಲಿ ಚಾ ಲೋಟದ ಚಿತ್ರ ಹುಡುಕಿ ಒತ್ತುತ್ತಿದ್ದರು. ಮಧ್ಯಾಹ್ನ ಗಂಜಿಯ ಚಿತ್ರ, ಸಂಜೆ ಪುನಃ ಚಾ, ರಾತ್ರಿ ಪುನಃ ಗಂಜಿ. ಒತ್ತಿದ ಮೇಲೆ "ದಾಖಲಾಯ್ತು" ಎಂದು ಎಂಥದೋ ರಾಕೆಟ್ ಹಾರಿಸಿದವರ ಹಾಗೆ ನನಗೆ ಹೇಳುತ್ತಿದ್ದರು.

ಇಲ್ಲಿ ಪರವೂರಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಚಾ ಎಂದರೆ ಬರೀ ಕುಡಿಯುವ ಚಾ ಅಲ್ಲ. ಬೆಳಗ್ಗಿನ ನೀರುದೋಸೆ ಚಾ, ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ ಪುಂಡಿ ಮತ್ತು ಕಡ್ಲೆಗಸಿ ಚಾ, ಸಂಜೆಯ ಅವಲಕ್ಕಿ ಚಾ. ಮನೆಗೆ ಬಂದವರನ್ನು "ಚಾ ಕುಡಿದು ಹೋಗಿ" ಎಂದು ಕೂರಿಸಿ ಎಂಟು ದೋಸೆ ತಿನ್ನಿಸಿ ಕಳಿಸುವ ಸೀಮೆ ಇದು. ಗಂಜಿಯೂ ಹಾಗೆಯೇ. ಜ್ವರ ಬಂದವರಿಗೆ ಕುಡಿಸುವ ತಿಳಿನೀರಲ್ಲ, ಕುಚ್ಚಲಕ್ಕಿಯ ದಪ್ಪ ಅಗುಳು, ಜೊತೆಗೆ ಪಲ್ಯ, ಚಟ್ನಿ, ಮೀನಿದ್ದರೆ ಮೀನು. ಇದನ್ನೆಲ್ಲ ನಾನು ಅಳೆದು ತಿನ್ನುತ್ತಿದ್ದೆ. ದೋಸೆ ಎರಡೇ, ಗಂಜಿ ಒಂದೇ ಸೌಟು, ಬಸಳೆಯೂ ಹೆಸರುಕಾಳೂ ಜಾಸ್ತಿ. ಉಂಡ ಮೇಲೆ ಬಿಸಿಲಿರಲಿ ಮಳೆಯಿರಲಿ ಪೇಟೆಯ ಕೊನೆಯ ತನಕ ಹೋಗಿ ಬರುತ್ತಿದ್ದೆ. ಸಕ್ಕರೆ ಇಳಿಯುತ್ತಿತ್ತು. ನಾನು ಗೆಲ್ಲುತ್ತಿದ್ದೆ. ಇದೊಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಮುಂದೆ ಬಂದ ಯಾರಿಗೂ ಇದರ ನೆನಪಿರಲಿಲ್ಲ.

ಅತ್ತ ಆ್ಯಪಿನವರ ಬೆಂಗಳೂರು ಆಫೀಸಿನಲ್ಲಿ ಕುಳಿತ ಸಲಹೆಗಾರ್ತಿ ಹುಡುಗಿ ನನ್ನ ಒಂದು ವಾರದ ಆಹಾರ ನೋಡಿದಳು. ಚಾ, ಗಂಜಿ, ಚಾ, ಗಂಜಿ. ಅವಳ ಕಂಪ್ಯೂಟರಿನಲ್ಲಿ ಚಾ ಎಂದರೆ ಒಂದು ಲೋಟ, ಗಂಜಿ ಎಂದರೆ ಒಂದು ಬಟ್ಟಲು ಬಿಳಿ ನೀರು. ಗಾಬರಿಯಾಗಿ ಫೋನು ಮಾಡಿದಳು. ಇವರು ಆಗ ಬಂಟ್ವಾಳ ಪೇಟೆಯ ನಡುವೆ ಸೀರೆಯ ರಿಯಾಯಿತಿ ಕೂಗುತ್ತಿದ್ದರು. ಜೀಪು ನಿಲ್ಲಿಸಿದರು. ಮೈಕನ್ನು ಮಡಿಲಲ್ಲಿಟ್ಟರು. ಆಫ್ ಮಾಡಲಿಲ್ಲ.

"ಸರ್, ಹರ್ಷಿತಾ ಮೇಡಂ ಹತ್ರ ಮಾತಾಡಬೇಕಿತ್ತು."

"ಅವರು ಮಾತನಾಡುವುದಿಲ್ಲ. ಏನಿದ್ದರೂ ನನ್ನ ಮೂಲಕ."

"ಅವ್ರಿಗೆ ಊಟಕ್ಕೆ ಏನ್ ಕೊಡ್ತಾ ಇದೀರಾ ಸರ್?"

"ಬೆಳಿಗ್ಗೆ ಚಾ, ಮಧ್ಯಾಹ್ನ ಗಂಜಿ, ಸಂಜೆ ಚಾ, ರಾತ್ರಿ ಪುನಃ ಗಂಜಿ. ಒಂದು ದಿನವೂ ತಪ್ಪಿಸಿದ್ದಿಲ್ಲ."

"ಅಷ್ಟೇನಾ? ಬೇರೆ ಏನೂ ಕೊಡಲ್ವಾ?"

"ಬೇರೆ ಎಂಥದ್ದು? ನನ್ನ ತಾಯಿ ಬಸುರಿಯಾಗಿದ್ದಾಗಲೂ ಅದೇ. ನಾನು ಹುಟ್ಟಲಿಲ್ಲವಾ?"

"ಅವ್ರು ಹಸಿವು ಅಂತ ಹೇಳಲ್ವಾ?"

"ಹೇಳ್ತಾಳೆ. ನಾವು ಕಂಟ್ರೋಲ್ ಮಾಡಿಸ್ತೇವೆ!"

ಆ ಕಡೆಯ ಪ್ರಶ್ನೆಗಳು ಇವರ ಕಿವಿಗೆ ಮಾತ್ರ ಕೇಳಿದವು. ಈ ಕಡೆಯ ಉತ್ತರಗಳು ಇಡೀ ಬಂಟ್ವಾಳ ಪೇಟೆಗೆ ಕೇಳಿದವು. ಪೇಟೆಯಲ್ಲಿ ಹಗ್ಗ ಕೊಳ್ಳುತ್ತಿದ್ದ ನನ್ನ ಅಪ್ಪನ ನೆಂಟ, ನಾರಾವಿಯ ಧರ್ಣಪ್ಪ ಮಾವ, ಹಗ್ಗವನ್ನು ಅಲ್ಲೇ ಬಿಟ್ಟು ನಾರಾವಿಯ ಬಸ್ಸು ಹತ್ತಿದರು. ಬೆಂಗಳೂರಿನ ಹುಡುಗಿ ಫೋನಿಟ್ಟವಳೇ ನಮ್ಮ ತಾಲೂಕಿನ ಯಾವುದೋ ಕಚೇರಿಗೆ ದೂರು ಕೊಟ್ಟಳು: ಗರ್ಭಿಣಿಗೆ ಉಪವಾಸ, ಗಂಡ ಮಾತಾಡಲು ಬಿಡುತ್ತಿಲ್ಲ. ಇವರು ಮಾತ್ರ ಸಂಜೆ ಮನೆಗೆ ಬಂದು, "ಬೆಂಗಳೂರಿನಿಂದ ಫೋನು ಬಂದಿತ್ತು. ನಾನು ಕೊಟ್ಟ ಉತ್ತರಕ್ಕೆ ಆ ಹುಡುಗಿಗೆ ಮಾತೇ ಬರಲಿಲ್ಲ," ಎಂದು ಬೀಗಿದರು.

ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಒಂದು ಸರಕಾರಿ ಜೀಪು ನಿಂತಿತು. ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಮೇಡಂ ಒಬ್ಬರು ಇಳಿದರು, ಹಿಂದೆ ಒಬ್ಬಳು ಮಹಿಳಾ ಪೊಲೀಸು. ನನ್ನ ಮಾಮಿ ಅಮ್ಮಣಿ, ಎಂದರೆ ಇವರ ತಾಯಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಮಾಮಿಗೆ ಕನ್ನಡ ಬರುತ್ತದೆ. ಆದರೆ ಒಳಗಿಂದ ಹುಡುಕಿ ತರಬೇಕು.

"ಬನ್ನಿ, ಬನ್ನಿ. ಕೂತುಕೊಳ್ಳಿ. ಚಾ ಕುಡಿಯುವ."

ಮೇಡಂ ಪೊಲೀಸಿನವಳ ಮುಖ ನೋಡಿದರು. "ನಮಗೆ ಬೇಡ. ನಿಮ್ ಸೊಸೆ ಏನು ತಿಂದ್ರು ಬೆಳಿಗ್ಗೆ?"

"ಅವಳದ್ದು ಚಾ ಆಗಿದೆ."

"ಬರೀ ಚಾನಾ?"

"ಹೌದು. ಮಧ್ಯಾಹ್ನ ಗಂಜಿ ಉಂಟಲ್ಲ," ಎಂದರು ಮಾಮಿ, ಇದೆಂಥ ಪ್ರಶ್ನೆ ಎಂಬ ಹಾಗೆ.

"ನೀವೇನು ತಿಂದ್ರಿ?"

"ನನ್ನದೂ ಚಾ ಆಯ್ತು."

"ಕಡುಬಡವರು ಅನ್ಸುತ್ತೆ," ಎಂದು ಮೇಡಂ ಪೊಲೀಸಿನವಳಿಗೆ ಪಿಸುಗುಟ್ಟಿದರು. ಅಡುಗೆ ಕೋಣೆಯಿಂದ ಆಗ ತಾನೇ ಬೆಂದ ಪುಂಡಿಯ ಹಬೆ ಹೊರಗೆ ಬರುತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ.

ನಾನು ಹೊರಗೆ ಬಂದು, "ಮೇಡಂ, ಅದು ಹಾಗಲ್ಲ, ನಾನು ಹೇಳ್ತೇನೆ," ಎಂದೆ. ಪೊಲೀಸಿನವಳು ನನ್ನ ಹೆಗಲು ಹಿಡಿದು ಕುರ್ಚಿಯ ಮೇಲೆ ಕೂರಿಸಿದಳು. "ಹೆದ್ರಬೇಡಮ್ಮ. ಇವ್ರ ಎದುರು ಏನೂ ಹೇಳೋದು ಬೇಡ. ನಾವಿದೀವಿ." ನನ್ನ ರಕ್ಷಣೆಗೆ ಬಂದವರು ನನ್ನ ಬಾಯಿ ಮುಚ್ಚಿಸಿದ ಮೊದಲ ಸಲ ಇದು. ಆ ದಿನ ಇನ್ನೂ ಮೂರ್ನಾಲ್ಕು ಸಲ ಆಗುವುದಿತ್ತು.

ಅಷ್ಟರಲ್ಲಿ ಅಪ್ಪ ಬಂದರು. ನನ್ನ ಅಪ್ಪ ಲೋಕಯ್ಯ ಸಾಧಾರಣವಾಗಿ ದೊಡ್ಡ ದನಿಯಲ್ಲಿ ಮಾತನಾಡುವವರೇ ಅಲ್ಲ. ಅಂದು ನಾರಾವಿಯಿಂದ ಒಂದು ಪಿಕಪ್ ತುಂಬ ನೆಂಟರು, ಒಂದು ಗೊನೆ ಕದಳಿ ಬಾಳೆಹಣ್ಣು, ಒಂದು ಡಬ್ಬಿ ಹೋಳಿಗೆ, ಇಷ್ಟನ್ನೂ ಇಳಿಸಿ ಅಂಗಳದಲ್ಲೇ ಬೊಬ್ಬೆ ಹಾಕಿದರು.

"ಎಲ್ಲಿದ್ದಾನೆ ಅವನು? ನನ್ನ ಮಗಳಿಗೆ ಗಂಜಿ ನೀರು ಕುಡಿಸಿ ಬಂಟ್ವಾಳದಲ್ಲಿ ಮೈಕಿನಲ್ಲಿ ಅನೌನ್ಸ್ ಮಾಡ್ತಾನಂತೆ!"

"ನಾನು ಈ ಕಿವಿಯಲ್ಲಿ ಕೇಳಿದ್ದು," ಎಂದರು ಧರ್ಣಪ್ಪ ಮಾವ. "ಹಸಿವು ಅಂದ್ರೆ ಕಂಟ್ರೋಲ್ ಮಾಡಿಸ್ತಾರಂತೆ."

"ಅಪ್ಪ, ಸ್ವಲ್ಪ ನಾನು ಹೇಳುವುದು ಕೇಳಿ," ಎಂದೆ.

"ನೀನು ಸುಮ್ಮನಿರು ಮಗಾ. ನೀನು ಮೊದಲಿಂದಲೂ ಹೀಗೆ, ಎಲ್ಲವನ್ನೂ ಸಹಿಸಿಕೊಳ್ಳುವವಳು," ಎಂದರು ಅಪ್ಪ. ನಾನು ಸಹಿಸಿಕೊಳ್ಳುವವಳಂತೆ! ಅವರ ಕಣ್ಣಲ್ಲಿ ನೀರಿತ್ತು, ಅದಕ್ಕಾಗಿ ಬಯ್ಯದೆ ಬಿಟ್ಟೆ.

ಸಿಟ್ಟು ಅಂದರೆ ಏನೆಂದು ಅಂದು ಮಾಮಿಯಲ್ಲಿ ನೋಡಬೇಕಿತ್ತು. ಭಿಕ್ಷೆಗೆ ಬಂದವನನ್ನೂ ಹಸಿದು ಕಳಿಸದ ಹೆಂಗಸು ಅವರು. ಸೊಸೆಯನ್ನು ಉಪವಾಸ ಕೆಡವಿದಳು ಎಂಬ ಮಾತು ಕಿವಿಗೆ ಬಿದ್ದದ್ದೇ, ಮೇಡಮ್ಮನ ಕೈ ಹಿಡಿದು ಎಳೆದುಕೊಂಡು ಅಡುಗೆ ಕೋಣೆಗೆ ಹೋದರು. ಪಾತ್ರೆಗಳ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ನೆಲಕ್ಕೆ ಬಡಿದರು.

"ಇದು ಎಂಥದು, ನೋಡಿ! ಇದು ಎಂಥದು, ಹೇಳಿ! ನೀವು ಓದಿದವರಲ್ವಾ? ಕಣ್ಣು ಉಂಟಲ್ಲ?"

ಹೇಳಿ ಮುಗಿಸಿದವರೇ ದೊಡ್ಡ ಬಟ್ಟಲು ತೆಗೆದು ಆರು ಪುಂಡಿ, ಅದರ ಮೇಲೆ ಗಸಿ ಸುರಿದು ನನ್ನ ಎದುರಿಗೆ ಇಟ್ಟರು. "ತಿನ್ನು! ಇವರೆಲ್ಲರ ಎದುರು ತಿನ್ನು! ಇಲ್ಲಿ ನಿನಗೆ ತಿನ್ನಲಿಕ್ಕೆ ಕೊಡ್ತಾರೋ ಇಲ್ಲವೋ ಅಂತ ಗೊತ್ತಾಗ್ಲಿ!"

"ಮಾಮಿ, ನಂಗೆ ಎರಡಕ್ಕಿಂತ ಜಾಸ್ತಿ ಆಗುವುದಿಲ್ಲ, ಸಕ್ಕರೆ ಏರ್ತದೆ."

"ಕೇಳಿದ್ರಾ ಮೇಡಂ, ಹೆದರಿ ತಿನ್ನುವುದಿಲ್ಲ," ಎಂದರು ಅಪ್ಪ, ಬಟ್ಟಲಿಗೆ ಎರಡು ಹೋಳಿಗೆ ಹಾಕುತ್ತಾ.

"ತಿನ್ನಮ್ಮ, ಯಾರೂ ಏನೂ ಅನ್ನಲ್ಲ," ಎಂದರು ಮೇಡಂ. "ತಿನ್ನೋಕೂ ಆಗದಷ್ಟು ನಿತ್ರಾಣ ಆಗಿದ್ರೆ ಈಗ್ಲೇ ಜೀಪಲ್ಲಿ ಆಸ್ಪತ್ರೆಗೆ ಸೇರಿಸ್ತೀವಿ."

ಗದ್ದಲ ಕೇಳಿ ಪಕ್ಕದ ಮನೆಯ ಸಫಿಯಮ್ಮ ಬಂದರು. ಬರುವಾಗ ಕೈಯಲ್ಲಿ ಬೆಲ್ಲ ಹಾಕಿದ ಕಲ್ತಪ್ಪದ ತಟ್ಟೆ. "ಇದನ್ನು ತಿನ್ನು ಮೋಳೇ, ಇದು ಸಕ್ಕರೆ ಅಲ್ಲ, ಬೆಲ್ಲ!"

ನಾನು ತಿಂದೆ. ಮಾಮಿಯ ಮಾನ ನನ್ನ ಬಟ್ಟಲಿನಲ್ಲಿತ್ತು, ಅಪ್ಪನ ಕಣ್ಣೀರು ಬಟ್ಟಲಿನ ಅಂಚಿನಲ್ಲಿತ್ತು, ಸರಕಾರ ಬಾಗಿಲಿಗೆ ಅಡ್ಡ ನಿಂತಿತ್ತು. ಒಂದು ವಾರ ಒಂದೊಂದು ದೋಸೆಯನ್ನು ಲೆಕ್ಕ ಹಾಕಿ ತಿಂದು ಇಳಿಸಿದ್ದನ್ನೆಲ್ಲ ಒಂದೇ ಸಲಕ್ಕೆ ನನ್ನ ಬಾಯಿಗೇ ತುರುಕಿದರು. ಪ್ರತಿ ತುತ್ತಿಗೂ ಸಿಟ್ಟು ಬಂತು. ಯಾರ ಮೇಲೆ ತೋರಿಸುವುದೆಂದೇ ತಿಳಿಯಲಿಲ್ಲ, ಅಷ್ಟು ಜನ ಇದ್ದರು.

ಇದೆಲ್ಲ ನಡೆಯುವಾಗ ಸಫಿಯಮ್ಮನ ಗಂಡ, ದಿನಸಿ ಅಂಗಡಿಯ ಹಾಜಬ್ಬ, ಇವರಿಗೆ ಫೋನು ಮಾಡಿ ಪೊಲೀಸು ಬಂದದ್ದನ್ನು ಹೇಳಿದ್ದರು. ಮನೆಯಲ್ಲಿ ಗಲಾಟೆ ಎಂದರೆ ಬೇರೆ ಗಂಡಸರು ಓಡಿ ಬರುತ್ತಾರೆ. ಇವರು ಅನೌನ್ಸ್ ಮಾಡುತ್ತಾ ಬಂದರು. ಬಸ್ ಸ್ಟ್ಯಾಂಡಿನಿಂದಲೇ ದನಿ ಕೇಳತೊಡಗಿತು.

"ಸಾರ್ವಜನಿಕರ ಗಮನಕ್ಕೆ! ಶಿರ್ತಾಡಿಯ ಪುರಂದರ ಆದ ನನ್ನ ಧರ್ಮಪತ್ನಿ ಹರ್ಷಿತಾ ಇವರಿಗೆ ಸಕ್ಕರೆ ಕಾಯಿಲೆ ಇರುವ ನಿಮಿತ್ತ, ವೈದ್ಯರ ಸಲಹೆಯಂತೆ ಚಾ ಹಾಗೂ ಗಂಜಿಯನ್ನು ಸಮಯಕ್ಕೆ ಸರಿಯಾಗಿ ನೀಡಲಾಗುತ್ತಿದೆ! ಯಾವುದೇ ವದಂತಿಗಳಿಗೆ ಕಿವಿಗೊಡಬಾರದಾಗಿ ಸವಿನಯ ವಿನಂತಿ!"

ವದಂತಿ ಕೇಳದೇ ಇದ್ದವರೂ ಕೇಳಿ ಹೊರಟು ಬಂದರು. ನಾನು ಅಮ್ಮನಿಗೂ ಹೇಳದೆ ಇಟ್ಟಿದ್ದ ವಿಷಯ, ನನ್ನ ಅಂಗಡಿಗೆ ಬರುವ ಪ್ರತಿಯೊಬ್ಬ ಹೆಂಗಸಿನ ಬಾಯಲ್ಲೂ ಬಂತು. ಜೀಪು ಅಂಗಳಕ್ಕೆ ಬಂದು ನಿಂತಾಗ ಇವರ ಮುಖದಲ್ಲಿ ಊರು ಉಳಿಸಿದವನ ಕಳೆ ಇತ್ತು. ಅಪ್ಪ ಇವರ ಕೊರಳಪಟ್ಟಿಗೆ ಕೈ ಹಾಕಿದರು, ಮಾಮಿ ಅಪ್ಪನ ಕೈಗೆ ಕೈ ಹಾಕಿದರು, ಪೊಲೀಸಿನವಳು ಎಲ್ಲರ ಮೇಲೆ ಕೈ ಮಾಡಿದಳು.

ಆಗ ಇವರ ಕಿಸೆಯೊಳಗಿಂದ ಆ್ಯಪಿನ ಹೆಣ್ಣುದನಿ ಹೇಳಿತು: "ಪರೀಕ್ಷೆಯ ಸಮಯವಾಗಿದೆ."

ನಾನು ಬೆರಳು ಚುಚ್ಚಿ ನೋಡಿದೆ. ಇನ್ನೂರ ನಾಲ್ಕು. ಒಂದು ವಾರದಲ್ಲಿ ಆ ಸಂಖ್ಯೆಯ ಹತ್ತಿರವೂ ನಾನು ಹೋಗಿರಲಿಲ್ಲ. ಇವರು ತಕ್ಷಣ ಅದನ್ನು ಒತ್ತಿ, ಆಹಾರದ ಜಾಗದಲ್ಲಿ ಚಾ ಲೋಟದ ಚಿತ್ರವನ್ನೂ ಒತ್ತಿದರು.

ನನಗೆ ಎಲ್ಲಿಂದ ಬಂತೋ ಸಿಟ್ಟು, ಆ ಮೊಬೈಲನ್ನು ಕೈಯಿಂದ ಕಿತ್ತುಕೊಂಡೆ.

"ಸಾಕು ಮಾರಾಯ್ರೆ ನಿಮ್ಮ ಚಾ! ನಾನು ತಿಂದದ್ದು ಆರು ಪುಂಡಿ, ಎರಡು ಹೋಳಿಗೆ, ಒಂದು ತುಂಡು ಕಲ್ತಪ್ಪ. ಬಾಯಿ ಮುಚ್ಚಿ ಎಲ್ಲರೂ! ಅಪ್ಪ, ನಿಮ್ಮ ಹೋಳಿಗೆ ಗಾಡಿಗೆ ಹಾಕಿ. ಮಾಮಿ, ಸಾಬೀತು ಮಾಡ್ಲಿಕ್ಕೆ ನಾನು ಸಾಕ್ಷಿ ಹೇಳ್ತಿದ್ದೆ, ನನ್ನ ಹೊಟ್ಟೆ ಬೇಕಾಗಿರ್ಲಿಲ್ಲ. ಸಫಿಯಮ್ಮ, ಬೆಲ್ಲವೂ ಸಕ್ಕರೆಯೇ! ಮೇಡಂ, ನೀವು ನನ್ನನ್ನು ಕಾಪಾಡ್ಲಿಕ್ಕೆ ಬಂದದ್ದು ಅಲ್ವಾ? ಬಂದಲ್ಲಿಂದ ಒಂದೇ ಒಂದು ಸಲ ನನ್ನ ಮಾತು ಪೂರಾ ಕೇಳಿದ್ದೀರಾ? ಇಷ್ಟು ಜನ ಉಂಟು, ಇಲ್ಲಿ ಬಸುರಿ ಯಾರು?"

ಉತ್ತರ ಬರುವ ಮೊದಲೇ ಮೊಬೈಲು ರಿಂಗಾಯಿತು. ಬೆಂಗಳೂರಿನ ಹುಡುಗಿ.

"ಸರ್, ಟೂ ನಾಟ್ ಫೋರ್ ಬಂದಿದೆ, ಬರೀ ಟೀ ಕುಡಿದು..."

"ಸರ್ ಅಲ್ಲ. ನಾನು ಹರ್ಷಿತಾ."

"ಮೇಡಂ, ನೀವು ಸೇಫ್ ಆಗಿದೀರಾ?"

"ಈಗ ಆದೆ. ನೋಡಿ, ನಮ್ಮಲ್ಲಿ ಚಾ ಅಂದ್ರೆ ಟೀ ಅಲ್ಲ."

"ಮತ್ತೆ?"

"ದೋಸೆ, ಪುಂಡಿ, ಅವಲಕ್ಕಿ, ಉಪ್ಪಿಟ್ಟು. ಎಲ್ಲವೂ ಚಾ."

"ಹಾಗಾದ್ರೆ ಟೀಗೆ ಏನಂತೀರಾ?"

"ಅದಕ್ಕೂ ಚಾ."

ಆ ಹುಡುಗಿ ಬಹಳ ಹೊತ್ತು ಏನನ್ನೋ ಟೈಪು ಮಾಡುತ್ತಿದ್ದ ಸದ್ದು ಕೇಳಿಸಿತು. ಅಂಗಳದಲ್ಲಿ ಮೇಡಂ ಒಮ್ಮೆ ಅಡುಗೆ ಕೋಣೆಯ ಕಡೆ ನೋಡಿದರು, ಒಮ್ಮೆ ಮಾಮಿಯ ಕಡೆ. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಕುಳಿತು, "ಅಮ್ಮ, ಹಾಗಾದ್ರೆ ನಮ್ಗೂ ಸ್ವಲ್ಪ ಚಾ ಕೊಡಿ," ಎಂದರು. ಇಬ್ಬರೂ ಸೇರಿ ಒಂದು ಡಜನ್ ಪುಂಡಿ ತಿಂದು ಹೋದರು.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಗಿಯಲಿಲ್ಲ. ಅಪ್ಪ ನಂಬಿಕೆ ಬಾರದೆ ನಾಲ್ಕು ದಿನ ನಮ್ಮಲ್ಲೇ ಉಳಿದು ನನ್ನ ಬಟ್ಟಲು ಕಾದರು. ಅಪ್ಪನಿಂದ ಮಾತು ಬಾರದಿರಲಿ ಎಂದು ಮಾಮಿ ತುಪ್ಪ ಸುರಿದರು. ನಡೆಯಲು ಹೊರಟರೆ ಮನೆಮನೆಯಿಂದ ಹೆಂಗಸರು ಕರೆದು ಸಕ್ಕರೆಗೆ ಮದ್ದು ಹೇಳಿ ಅರ್ಧದಲ್ಲೇ ನಿಲ್ಲಿಸಿದರು. ನಾನು ಬಯ್ದೆ, ತಳ್ಳಿದೆ, ಬಾಗಿಲು ಹಾಕಿಕೊಂಡೆ. ಆದರೂ ಎರಡು ವಾರ ಮುಗಿದಾಗ ಸಂಖ್ಯೆ ಇಳಿದಿರಲಿಲ್ಲ.

ಡಾಕ್ಟರಮ್ಮ ಎಲ್ಲವನ್ನೂ ನೋಡಿದರು. ಈ ಸಲ ಮೊಬೈಲು ನನ್ನದು, ದಾಖಲೆಯೂ ನನ್ನದು. "ಮಗು ಚೆನ್ನಾಗಿ ಉಂಟು," ಎಂದರು. "ಆದ್ರೆ ಬೆಳಗ್ಗಿನ ಖಾಲಿ ಹೊಟ್ಟೆಯದ್ದು ಇಳಿಯುವುದಿಲ್ಲ. ದಿನಕ್ಕೊಂದು ಸಣ್ಣ ಡೋಸ್ ಇನ್ಸುಲಿನ್ ಬೇಕು. ನಿಮ್ಮ ತಪ್ಪಲ್ಲ ಇದು. ಎಷ್ಟು ಮಾಡಿದ್ರೂ ಕೆಲವರಿಗೆ ಬೇಕಾಗ್ತದೆ."

ಬೇಕಾಗುತ್ತಿತ್ತೋ ಏನೋ. ಹಾಗೆ ಬಿಟ್ಟಿದ್ದರೆ ಇಳಿಯುತ್ತಿತ್ತೋ ಏನೋ. ಅದನ್ನು ತಿಳಿದುಕೊಳ್ಳುವ ಅವಕಾಶ ನನ್ನದಾಗಿತ್ತು, ಅದನ್ನು ಎಲ್ಲರೂ ಸೇರಿ ಪ್ರೀತಿಯಿಂದ ಕಿತ್ತುಕೊಂಡರು. ನನ್ನ ಸಿಟ್ಟು ಅದಕ್ಕೆ. ಪ್ರೀತಿಯಿಂದ ಮಾಡಿದ್ದು ಎಂದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ.

ನರ್ಸು ಇಂಜೆಕ್ಷನ್ ಪೆನ್ನು ತಂದಳು. "ಮನೆಯಲ್ಲಿ ಯಾರು ಕೊಡುವುದು?"

"ನಾನೇ," ಎಂದರು ಇವರು, ಮುಂದೆ ಬಂದು. "ಅವಳಿಗೆ ಸೂಜಿ ಅಂದ್ರೆ ಹೆದರಿಕೆ. ಅವಳ ವಿಷಯ ಎಲ್ಲ ನನಗೆ ಗೊತ್ತುಂಟು."

"ಸರಿ. ಹೀಗೆ ಹೊಟ್ಟೆಯ ಚರ್ಮ ಎತ್ತಿ ಹಿಡೀಬೇಕು," ಎಂದು ನರ್ಸು ಸೂಜಿಯ ಟೊಪ್ಪಿ ತೆಗೆದು ತೋರಿಸಿದಳು. ಸೂಜಿ ಅಕ್ಕಿ ಕಾಳಿಗಿಂತ ಉದ್ದ ಇರಲಿಲ್ಲ. ಇವರು ಅದನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, "ಸಾರ್ವಜನಿಕ..." ಎಂದೇನೋ ಗೊಣಗಿದರು, ಹಾಗೆಯೇ ಹಿಂದಕ್ಕೆ ವಾಲಿ ತೂಕದ ಮಿಷನ್ನಿನ ಮೇಲೆ ಬಿದ್ದರು. ಆಯಾ ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿ, ಬೆಂಚಿನ ಮೇಲೆ ಮಲಗಿಸಿದಳು.

ನಾನು ನರ್ಸಿನ ಕೈಯಿಂದ ಪೆನ್ನು ತೆಗೆದುಕೊಂಡೆ. ಚರ್ಮ ಎತ್ತಿ ಹಿಡಿದೆ, ಉಸಿರು ಬಿಟ್ಟೆ, ಅವಳು ಹೇಳಿಕೊಟ್ಟ ಹಾಗೆ ಚುಚ್ಚಿದೆ. ನೋವೇ ಆಗಲಿಲ್ಲ. ಇಷ್ಟಕ್ಕೆ ಹೆದರಿದ್ದೆನಲ್ಲ ಎಂದು ನನ್ನ ಮೇಲೂ ಸ್ವಲ್ಪ ಸಿಟ್ಟು ಬಂತು.

"ಭಾರೀ ಲಾಯ್ಕ ಮಾಡಿದ್ರಿ," ಎಂದಳು ನರ್ಸು. "ಈಗ ಆ್ಯಪಿನಲ್ಲಿ ಹಾಕಿ."

ನನ್ನ ಮೊಬೈಲಿನಲ್ಲಿ ಡೋಸು ಒತ್ತಿದೆ. ಕೂಡಲೇ ಅದು ಹೊಸತೊಂದು ಪ್ರಶ್ನೆ ಕೇಳಿತು: "ಇಂದು ನಿಮಗೆ ಹೇಗೆ ಅನಿಸುತ್ತಿದೆ?" ಕೆಳಗೆ ಹಳದಿ ಬಣ್ಣದ ಐದು ಮುಖಗಳಿದ್ದವು. ತುಂಬ ನಗುವುದು, ಸ್ವಲ್ಪ ನಗುವುದು, ಸುಮ್ಮನಿರುವುದು, ಬೇಸರದ್ದು, ಅಳುವುದು. ನಾನು ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ. ಆಮೇಲೆ ಸಹಾಯವಾಣಿಗೆ ಫೋನು ಮಾಡಿದೆ. ಅದೇ ಹುಡುಗಿ ಎತ್ತಿದಳು.

"ಹೇಳಿ ಹರ್ಷಿತಾ ಮೇಡಂ, ಏನಾದ್ರೂ ತೊಂದ್ರೆನಾ?"

"ನಿಮ್ಮ ಆ್ಯಪಿನಲ್ಲಿ ಒಂದು ಮುಖ ಇಲ್ಲ."

"ಯಾವ ಮುಖ ಮೇಡಂ?"

"ನನ್ನದು," ಎಂದೆ. "ಸಿಟ್ಟಿನದ್ದು. ಬೇಗ ಹಾಕಿಸಿ. ನನಗೆ ಇನ್ನೂ ಮೂರು ತಿಂಗಳು ಉಂಟು."